ಒತ್ತಿಲ್ಲದ ಗುಂಡಿ

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ. ದಾವಣಗೆರೆ ವಿನೋಬನಗರದ ನಮ್ಮ ಕ್ರಾಸಿನಲ್ಲಿ ಎದುರು ಮನೆಯ ಕಾಕಾ ಕಾಂಪೌಂಡ್ ಗೇಟಿಗೆ ಒರಗಿ ನಿಂತು ಫೋನನ್ನು ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲಿಸುತ್ತಿದ್ದರು. ಚಾಳೀಸು ಹಣೆಗೇರಿತ್ತು. ಕರೆಂಟ್ ಬಿಲ್ ಕಟ್ಟಬೇಕಿತ್ತು. ಖಾತೆ ನಂಬರು ಹಾಕಿ ಆಗಿದೆ, ಮೊತ್ತವೂ ಬಂದಿದೆ, ಇನ್ನೊಂದು ಗುಂಡಿ ಒತ್ತಿದರೆ ಕೆಲಸ ಮುಗಿಯಿತು. ಆ ಗುಂಡಿಯೇ ಕಾಣುತ್ತಿಲ್ಲ. ನಾನು ಇಸಿದುಕೊಂಡು ನೋಡಿದೆ. ಆ ಬಿಸಿಲಿಗೆ ನನಗೂ ಕಾಣಲಿಲ್ಲ. ಅಂಗೈ ಅಡ್ಡ ಹಿಡಿದು ನೆರಳು ಮಾಡಿದಾಗ ಮೂಡಿತು ನೋಡಿ: ಬಿಳಿ ತೆರೆಯ ಮೇಲೆ ತಿಳಿ ಬೂದಿಯ ಒಂದು ಪಟ್ಟಿ, ಪಟ್ಟಿಯ ಮೇಲೆ ಬಿಳಿ ಅಕ್ಷರ. ಸುಣ್ಣದ ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದ ಹಾಗೆ.

"ಇಲ್ಲೇ ಎಲ್ಲೋ ಐತಿ ಅಂತ ಅಂದಾಜಿಗೆ ಎಲ್ಡು ಸಲ ಒತ್ತೀನಪ್ಪ. ಒತ್ತಿಸ್ಕಂಡಂಗೆ ಕಾಣ್ಲಿಲ್ಲ" ಅಂದರು. ಒತ್ತಿಸಿಕೊಂಡಿತ್ತು. ಎರಡೂ ಸಲ ಒತ್ತಿಸಿಕೊಂಡಿತ್ತು. ಸಂಜೆ ಹೊತ್ತಿಗೆ ಎರಡು ಬಿಲ್ಲಿನ ದುಡ್ಡು ಖಾತೆಯಿಂದ ಹೋಗಿದ್ದಕ್ಕೆ ಎರಡು ಮೆಸೇಜು. ಒಂದು ಬಿಲ್ಲಿನ ಹಣ ವಾಪಸ್ ಬರಲು ಎಂಟು ದಿನ ಬೇಕಾಯಿತು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲೇ ತೀರ್ಪು ಕೊಟ್ಟ: "ನಿಮಗೆ ಮೊಬೈಲ್ ಬರಲ್ಲ, ಬಿಡಿ ಅಪ್ಪಾ."

ಈ ಕಾಕಾ ಮೂವತ್ತು ವರ್ಷ ಹರಿಹರದಲ್ಲಿ ಲೇತ್ ಮೇಲೆ ಕೆಲಸ ಮಾಡಿದವರು. ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ಹೆಚ್ಚು ಕಡಿಮೆಯಾದರೂ ಬೆರಳಲ್ಲೇ ಕಂಡುಹಿಡಿಯುತ್ತಿದ್ದ ಕೈ ಅದು. ಅಂಥ ಕೈಗೆ ಒಂದು ಗುಂಡಿ ಒತ್ತಲು ಬರುವುದಿಲ್ಲವಂತೆ! ಹನ್ನೊಂದು ವರ್ಷದಿಂದ ಮೊಬೈಲ್ ಆ್ಯಪ್ ಮಾಡಿ ಹೊಟ್ಟೆ ಹೊರೆಯುತ್ತಿರುವ ನನಗೆ ಆ ತೀರ್ಪು ಯಾರ ಮುಖಕ್ಕೆ ಬೀಳಬೇಕಿತ್ತೆಂದು ಚೆನ್ನಾಗಿ ಗೊತ್ತು.

ನಮ್ಮ ಕಸುಬಿನಲ್ಲಿ ಒಂದು ಮಾತು ವೇದವಾಕ್ಯದಂತೆ ನಡೆದುಕೊಂಡು ಬಂದಿದೆ: "ಬಟನ್ ಬ್ಯಾಕ್‌ಗ್ರೌಂಡ್ ತಾನೆ? ಕೊನೆಗೆ ನೋಡೋಣ." ಕೋಡ್ ಬರೆಯುವವನಿಗೆ ಅದು ಒಂದು ಸಾಲಿನ ಕೆಲಸ. ಡಿಸೈನರಿಗೆ 'ಕ್ಲೀನ್' ಆಗಿ ಕಾಣಬೇಕಾದ ಆಯತ. ದುಡ್ಡು ಕೊಡುವ ಧಣಿಗೆ ತನ್ನ ಕಂಪನಿಯ ಲೋಗೋದ ಬಣ್ಣ ಬಳಿಯಲು ಸಿಕ್ಕ ಜಾಗ. ಮೂವರೂ ಸೇರಿ ಗುಂಡಿಯ ಹಿನ್ನೆಲೆ ಎಂದರೆ ಅಲಂಕಾರ ಎಂದು ಒಪ್ಪಂದಕ್ಕೆ ಬಂದಿದ್ದಾರೆ. ಅಲಂಕಾರ ಹೆಚ್ಚು ಕಡಿಮೆಯಾದರೆ ಏನು ನಷ್ಟ? ಜನ ಕಲಿಯುತ್ತಾರೆ. ಕಲಿಯದಿದ್ದರೆ ಅವರಿಗೆ ಮೊಬೈಲ್ ಬರುವುದಿಲ್ಲ!

ಕಲಿಯುವುದು ಏನನ್ನು ಸ್ವಾಮಿ? ಗುಂಡಿ ಒತ್ತುವುದನ್ನು ಈ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಭದ್ರಾ ನಾಲೆಯ ಬಯಲಲ್ಲಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಮುಂದೆ ರಾತ್ರಿ ಹನ್ನೆರಡಕ್ಕೆ ನಿಂತ ರೈತನನ್ನು ಕೇಳಿ. ಹಸಿರು ಒತ್ತಿದರೆ ಓಡುತ್ತದೆ, ಕೆಂಪು ಒತ್ತಿದರೆ ನಿಲ್ಲುತ್ತದೆ. ಟಾರ್ಚ್ ಇಲ್ಲದಿದ್ದರೂ ತಡವರಿಸಿ ಒತ್ತುತ್ತಾನೆ. ಕಾರ್ಖಾನೆಯ ಯಂತ್ರಗಳಲ್ಲಿ ನಿಲ್ಲಿಸುವ ಕೆಂಪು ಗುಂಡಿಯನ್ನು ಅಣಬೆಯ ತಲೆಯಂತೆ ಉಬ್ಬಿಸಿ, ಚಾಲೂ ಮಾಡುವ ಹಸಿರು ಗುಂಡಿಯನ್ನು ಅಂಚಿನೊಳಗೆ ಹುದುಗಿಸಿ ಇಡುವುದು ಹಳೆಯ ಪದ್ಧತಿ. ಮೊಣಕೈ ತಾಗಿ ಯಂತ್ರ ನಿಂತರೆ ನಡೆದೀತು, ಮೊಣಕೈ ತಾಗಿ ಓಡಬಾರದು. ಒಂದು ಗುಂಡಿಯ ಬಣ್ಣ ಮತ್ತು ಉಬ್ಬಿನಲ್ಲಿ ಅಷ್ಟು ಬುದ್ಧಿ ಅಡಗಿದೆ. ಹರಿಹರದ ಮೈಸೂರು ಕಿರ್ಲೋಸ್ಕರ್ 1941ರಿಂದ ಲೇತ್ ಕಟ್ಟಿದ ಸೀಮೆ ನಮ್ಮದು. ಗುಂಡಿ ಎಂದರೆ ಏನೆಂದು ತಿಳಿದ ತಲೆಮಾರುಗಳು ಇಲ್ಲಿ ಮನೆಮನೆಯಲ್ಲಿ ಕೂತಿವೆ. ಅವರಿಗೆ ಪಾಠ ಹೇಳಲು ಹೊರಟವರು ನಾವು, ಎರಡು ವಾರದ ಆನ್‌ಲೈನ್ ಕೋರ್ಸ್ ಮುಗಿಸಿದವರು.

ಇನ್ನೂ ದೊಡ್ಡ ಸಾಕ್ಷಿ ಬೇಕೆ? ಮತಯಂತ್ರ ನೋಡಿ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಪೆಟ್ಟಿಗೆ. ಚಿಹ್ನೆಯ ಪಕ್ಕ ಒಂದು ನೀಲಿ ಗುಂಡಿ. ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಪೀಪ್ ಎಂದು ಉದ್ದಕ್ಕೆ ಕೂಗುತ್ತದೆ, ಪಕ್ಕದ ಪೆಟ್ಟಿಗೆಯ ಗಾಜಿನಲ್ಲಿ ಏಳು ಸೆಕೆಂಡು ಚೀಟಿ ತೋರಿಸುತ್ತದೆ. ಅಕ್ಷರ ಬಾರದ ಅಜ್ಜಿಯೂ ಒಬ್ಬಳೇ ಒಳಗೆ ಹೋಗಿ ಒತ್ತಿ ಬರುತ್ತಾಳೆ. ಹಿಂದೆ ನಿಂತು ಯಾರೂ "ಅಜ್ಜಿ, ಅಲ್ಲಿ ಸ್ವಲ್ಪ ಬೂದಿ ಬಣ್ಣದ್ದು ಇದೆ ನೋಡಿ" ಎಂದು ಹೇಳುವಂತಿಲ್ಲ. ಎಲ್ಲಿ ಒತ್ತಬೇಕು, ಒತ್ತಿದ್ದು ತಾಗಿತೇ, ಈಗ ಏನಾಯಿತು: ಮೂರಕ್ಕೂ ಉತ್ತರವನ್ನು ಯಂತ್ರವೇ ಕೊಡುತ್ತದೆ. ಅದೇ ಅಜ್ಜಿ ಮೊಬೈಲ್ ಕೈಗೆತ್ತಿಕೊಂಡ ಕೂಡಲೇ ದಡ್ಡಿಯಾಗಿಬಿಟ್ಟಳೇ?

ಈಗ ಕಸುಬಿನ ಒಳಗಿನ ಮಾತು. ಆಂಡ್ರಾಯ್ಡ್ ಜೊತೆಗೆ ಬರುವ ಸಾದಾ ಬಟನ್ ಏನೂ ಚಂದವಲ್ಲ, ನಿಜ. ಆದರೆ ಅದರ ಹಿನ್ನೆಲೆಯಲ್ಲಿ ಬಹಳ ಕೆಲಸ ಮೊದಲೇ ನಡೆದಿರುತ್ತದೆ. ಬೆರಳು ತಾಗಿದರೆ ನೀರಿನ ಅಲೆಯಂತೆ ಬಣ್ಣ ಹರಡುತ್ತದೆ. ಒತ್ತಲು ಸಿಗದ ಸ್ಥಿತಿಯಲ್ಲಿದ್ದರೆ ಮಂಕಾಗುತ್ತದೆ. ಕೀಬೋರ್ಡಿನಿಂದಲೋ ರಿಮೋಟಿನಿಂದಲೋ ಅದರ ಮೇಲೆ ಬಂದು ನಿಂತರೆ ಬೇರೆ ಬಣ್ಣ ತೋರುತ್ತದೆ. ಬೆರಳಿಗೆ ಸಾಕಾಗುವಷ್ಟು, ಅಂದರೆ 48 ಡಿಪಿ, ಸುಮಾರು ಒಂಬತ್ತು ಮಿಲಿಮೀಟರ್ ಜಾಗ ಇಟ್ಟುಕೊಳ್ಳಿ ಎಂದು ಗೂಗಲ್‌ನ ಸೂಚನೆಯೂ ಇದೆ. ನಮ್ಮವರು ಏನು ಮಾಡುತ್ತಾರೆ? 'ಆಂಡ್ರಾಯ್ಡ್ ಬ್ಯಾಕ್‌ಗ್ರೌಂಡ್' ಎಂದು ಬರೆದು ಮುಂದೆ ಒಂದು ಬಣ್ಣದ ಕೋಡ್ ಗೀಚುತ್ತಾರೆ. ಅಷ್ಟೇ. ಅಲೆ ಹೋಯಿತು, ಮಂಕು ಹೋಯಿತು, ಆಕಾರ ಹೋಯಿತು. ಉಳಿದದ್ದು ಬಣ್ಣ ಬಳಿದ ಹಂಚು. ಒತ್ತಿದರೂ ಅದೇ, ಬಿಟ್ಟರೂ ಅದೇ. ಕಾಕಾ ಹೇಳಿದ್ದು ಅದನ್ನೇ: ಒತ್ತಿಸ್ಕಂಡಂಗೆ ಕಾಣಲಿಲ್ಲ. ನಮ್ಮ ಕಚೇರಿಯಲ್ಲಿ ಯಾವ ಟೆಸ್ಟರೂ ಇಷ್ಟು ನಿಖರವಾದ ಬಗ್ ರಿಪೋರ್ಟ್ ಬರೆದದ್ದು ನಾನು ಕಂಡಿಲ್ಲ.

ಬಣ್ಣವಷ್ಟೇ ಬದಲಾಗಬೇಕಿದ್ದರೆ 'ಬ್ಯಾಕ್‌ಗ್ರೌಂಡ್ ಟಿಂಟ್' ಇದೆ, ಒಳಗಿನ ಅಚ್ಚುಕಟ್ಟು ಕೆಡದ ಹಾಗೆ ಬಣ್ಣ ಮಾತ್ರ ಬದಲಿಸುತ್ತದೆ. ಪೂರ್ತಿ ಹೊಸ ರೂಪವೇ ಬೇಕೆಂದರೆ ಸೆಲೆಕ್ಟರ್ ಫೈಲ್ ಬರೆದು ಒತ್ತಿದಾಗ ಹೀಗೆ, ನಿಷ್ಕ್ರಿಯವಾಗಿದ್ದಾಗ ಹೀಗೆ, ಮಾಮೂಲಾಗಿ ಹೀಗೆ ಎಂದು ಹೇಳಬಹುದು. ಹತ್ತು ಹನ್ನೆರಡು ಸಾಲು. ಅದನ್ನು ಬರೆಯುವವರಲ್ಲೂ ಎಷ್ಟೋ ಜನ ಮಾಮೂಲಿ ಸ್ಥಿತಿಯನ್ನೇ ಮೊದಲ ಸಾಲಿಗೆ ಹಾಕುತ್ತಾರೆ. ಆಂಡ್ರಾಯ್ಡ್ ಮೇಲಿಂದ ಓದುತ್ತಾ ಹೊಂದಿಕೆಯಾದ ಮೊದಲ ಸಾಲಿಗೇ ನಿಂತುಬಿಡುತ್ತದೆ. ಕೆಳಗೆ ಬರೆದದ್ದೆಲ್ಲ ಇದ್ದೂ ಸತ್ತಂತೆ. ಯಾರೂ ಒತ್ತಿ ನೋಡಿರುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ. ಫ್ಲಟರ್ ಬಳಸಿ ಆ್ಯಪ್ ಕಟ್ಟುವವರು ನಗಬೇಕಾಗಿಲ್ಲ. ಒಂದು ಕಂಟೇನರಿಗೆ ಬಣ್ಣ ಬಳಿದು, ಮೇಲೊಂದು ಜೆಸ್ಚರ್ ಡಿಟೆಕ್ಟರ್ ಮುಚ್ಚಿ "ಬಟನ್ ರೆಡಿ ಸಾರ್" ಎನ್ನುವವರು ಅಲ್ಲೂ ಇದ್ದಾರೆ. ಕಣ್ಣು ಕಾಣದವರ ಫೋನು ತೆರೆಯನ್ನು ಓದಿ ಹೇಳುವಾಗ ಆ ಡಬ್ಬ ಬಟನ್ ಎಂದೇ ಕೇಳಿಸುವುದಿಲ್ಲ. ನಾನೂ ಹೀಗೆ ಮಾಡಿದ್ದೇನೆ. 2016ರಲ್ಲಿ ನಾನು ಕಟ್ಟಿಕೊಟ್ಟ ಒಂದು ಆ್ಯಪ್‌ನಲ್ಲಿ ಇಂಥ ಗುಂಡಿಗಳು ಡಜನ್‌ಗಟ್ಟಲೆ ಇದ್ದವು. ಯಾರೂ ಬೈಯಲಿಲ್ಲ. ಬೈಯಬೇಕಾದವರು ತಮಗೇ ಮೊಬೈಲ್ ಬರುವುದಿಲ್ಲ ಎಂದುಕೊಂಡು ಸುಮ್ಮನಿದ್ದರು.

ಬಣ್ಣದ ವಿಷಯಕ್ಕೆ ಬರೋಣ. ದಾವಣಗೆರೆ ರೈಲು ನಿಲ್ದಾಣದ ಹೆಸರಿನ ಹಲಗೆ ನೆನಪಿಸಿಕೊಳ್ಳಿ: ಹಳದಿಯ ಮೇಲೆ ಕಪ್ಪು. ಓಡುವ ಗಾಡಿಯ ಕಿಟಕಿಯಿಂದ, ಮಬ್ಬುಗಣ್ಣಿನಿಂದ, ಮಳೆಯಲ್ಲೂ ಓದಬಹುದು. ಅಕ್ಷರ ಮತ್ತು ಹಿನ್ನೆಲೆಯ ಬೆಳಕಿನ ಅಂತರ ಅಳೆಯಲು ಜಗತ್ತು ಒಪ್ಪಿದ ಒಂದು ಲೆಕ್ಕವಿದೆ. 2008ರಿಂದ ಅದು ಹೇಳುತ್ತಿರುವುದು, ಸಾಮಾನ್ಯ ಗಾತ್ರದ ಅಕ್ಷರಕ್ಕೆ ಆ ಅನುಪಾತ ಕನಿಷ್ಠ 4.5 ಇರಬೇಕು ಎಂದು. ಅಪ್ಪಟ ಹಳದಿಯ ಮೇಲೆ ಕಪ್ಪಿಗೆ 19 ದಾಟುತ್ತದೆ. ಅದೇ ಹಳದಿಯ ಮೇಲೆ ಬಿಳಿ ಬರೆದರೆ 1.07, ಅಂದರೆ ಬರೆದೇ ಇಲ್ಲ ಎಂದು ಲೆಕ್ಕ. ನಮ್ಮ ಆ್ಯಪ್‌ಗಳ ಕಿತ್ತಳೆ ಗುಂಡಿಯ ಮೇಲಿನ ಬಿಳಿ ಅಕ್ಷರ 2ರ ಆಸುಪಾಸಿನಲ್ಲಿ ತೆವಳುತ್ತದೆ. ಅಲ್ಲೇ ಕಪ್ಪು ಅಕ್ಷರ ಇಟ್ಟರೆ 9 ದಾಟುತ್ತದೆ. ಬ್ರ್ಯಾಂಡಿನ ಬಣ್ಣಕ್ಕೆ ಒಂದು ಚೂರೂ ಧಕ್ಕೆ ಬರಲಿಲ್ಲ, ನೋಡಿದಿರಾ? ಬದಲಾದದ್ದು ಅಕ್ಷರದ ಬಣ್ಣ ಮಾತ್ರ. ಆದರೂ "ಬಿಳಿಯೇ ಪ್ರೀಮಿಯಂ ಆಗಿ ಕಾಣುತ್ತೆ ಸಾರ್" ಎನ್ನುತ್ತಾರೆ. ಯಾರಿಗೆ ಕಾಣುತ್ತದೆ? ಎಸಿ ರೂಮಿನಲ್ಲಿ ಇಪ್ಪತ್ತೇಳು ಇಂಚಿನ ಮಾನಿಟರ್ ಮುಂದೆ ಕೂತ ಇಪ್ಪತ್ತೇಳು ವರ್ಷದವನಿಗೆ. 2020ರಿಂದ ಈ ರಾಜ್ಯದ ರೈತರು ಹೊಲದಲ್ಲೇ ನಿಂತು ಮೊಬೈಲಿನಲ್ಲಿ ಬೆಳೆ ಸಮೀಕ್ಷೆ ಮಾಡುತ್ತಿದ್ದಾರೆ. ಮೆಕ್ಕೆಜೋಳದ ನಡುವೆ, ನೆತ್ತಿಯ ಮೇಲೆ ಸೂರ್ಯ, ಬೆವರಿದ ಬೆರಳು, ಗೀರು ಬಿದ್ದ ಗ್ಲಾಸು. ಕರ್ನಾಟಕದಲ್ಲಿ ಆ್ಯಪ್ ತೆರೆದುಕೊಳ್ಳುವ ಜಾಗ ಅದು.

ಇನ್ನು ಕನ್ನಡ. ಇಲ್ಲಿ ನನ್ನ ಪಿತ್ತ ನೆತ್ತಿಗೇರುತ್ತದೆ. ಗುಂಡಿಯ ಹಿನ್ನೆಲೆಗೆ ಗಟ್ಟಿಯಾದ ಒಂದು ಎತ್ತರ ಕೊಟ್ಟು, 'ಸಬ್ಮಿಟ್' ಎಂದು ಇಂಗ್ಲಿಷಿನಲ್ಲಿ ಬರೆದು ನೋಡಿ, ಕೂತಿತು ಎಂದು ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಯಾರೋ ಅನುವಾದ ಸುರಿಯುತ್ತಾರೆ. ಕನ್ನಡದ ಅಕ್ಷರಕ್ಕೆ ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. ಅದಕ್ಕೆ ಮೇಲೂ ಕೆಳಗೂ ಜಾಗ ಬೇಕು. ಆ ಪಟ್ಟಿಯೊಳಗೆ ಸಿಕ್ಕಿ 'ಸಲ್ಲಿಸಿ' ಹೋಗಿ 'ಸಲಿಸಿ' ಆಗುತ್ತದೆ, 'ಒಪ್ಪಿಗೆ'ಯ ಕಾಲು ಮುರಿದು 'ಒಪಿಗೆ' ಆಗುತ್ತದೆ, 'ರದ್ದು' ಬರೀ 'ರದು'. ಒತ್ತು ಬಿದ್ದುಹೋದರೆ ಕತ್ತೆ ಕತೆಯಾಗುವ ಭಾಷೆಯಪ್ಪಾ ಇದು! ಒತ್ತಬೇಕಾದ ಗುಂಡಿಗೇ ಒತ್ತಿಲ್ಲ. ವಯಸ್ಸಾದವರು ಸೆಟ್ಟಿಂಗ್ಸಿಗೆ ಹೋಗಿ ಅಕ್ಷರ ದೊಡ್ಡದು ಮಾಡಿಕೊಂಡಿದ್ದರಂತೂ ಮುಗಿಯಿತು. ಪದದ ನಡು ಮಾತ್ರ ಕಾಣುತ್ತದೆ, ತಲೆಯೂ ಇಲ್ಲ, ಕಾಲೂ ಇಲ್ಲ. ಮಾಡಬೇಕಾದ್ದು ಇಷ್ಟೇ: ಎತ್ತರವನ್ನು ಗಟ್ಟಿ ಮಾಡದೆ 'ಕನಿಷ್ಠ ಎತ್ತರ' ಎಂದು ಕೊಟ್ಟು ಮೇಲೆ ಕೆಳಗೆ ಉಸಿರಾಡಲು ಜಾಗ ಬಿಡುವುದು. ಇನ್ನು ಕೆಲವರು ಅಕ್ಷರವನ್ನೇ ಹಿನ್ನೆಲೆಯ ಚಿತ್ರದೊಳಗೆ ಅಚ್ಚು ಹಾಕಿಬಿಡುತ್ತಾರೆ. ಅದನ್ನು ಕನ್ನಡಕ್ಕೆ ತಿರುಗಿಸುವಂತಿಲ್ಲ, ದೊಡ್ಡದು ಮಾಡುವಂತಿಲ್ಲ, ಕುರುಡರ ಫೋನು ಓದುವಂತಿಲ್ಲ. ಆಮೇಲೆ "ಕನ್ನಡದಲ್ಲಿ ಯಾರೂ ಬಳಸಲ್ಲ ಸಾರ್, ಎಲ್ಲರೂ ಇಂಗ್ಲಿಷ್‌ಗೇ ಹಾಕ್ಕೊಂತಾರೆ" ಎಂಬ ಅಂಕಿಅಂಶ ಬೇರೆ! ಕಾಲು ಮುರಿದು ಕೂರಿಸಿ, ಓಡಲಿಲ್ಲ ಎಂದು ದೂರು.

ಹೋಗಲಿ, ಇದೆಲ್ಲ ಗೊತ್ತಿಲ್ಲದೆ ಆಗುವ ತಪ್ಪು ಎಂದು ಕ್ಷಮಿಸಬಹುದಿತ್ತೇನೋ. ಆದರೆ ಗೊತ್ತಿಲ್ಲ ಎಂಬುದೇ ಸುಳ್ಳು. ನಿಮ್ಮ ಫೋನಿನಲ್ಲಿ ಯಾವುದಾದರೂ ಅಂಗಡಿಯ ಆ್ಯಪ್ ತೆರೆದು, ತಿಂಗಳ ಚಂದಾ ಕಟ್ಟಿ ಎಂದು ಗಂಟುಬೀಳುವ ಪರದೆಯನ್ನು ಗಮನಿಸಿ. 'ಹೌದು, ಬೇಕು' ಎಂಬುದು ಆ ತುದಿಯಿಂದ ಈ ತುದಿಗೆ ಹಬ್ಬದ ಹೋಳಿಗೆಯಂತೆ ಹರಡಿಕೊಂಡು ಕಣ್ಣಿಗೆ ರಾಚುತ್ತಿರುತ್ತದೆ. 'ಬೇಡ' ಎಂಬುದಕ್ಕೆ ಹಿನ್ನೆಲೆಯೇ ಇಲ್ಲ. ಮೂಲೆಯಲ್ಲಿ ಬೂದಿ ಬಣ್ಣದಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ. ಈಗ ಹೇಳಿ: ಹಿನ್ನೆಲೆ ಬರೀ ಅಲಂಕಾರವಾಗಿದ್ದರೆ ಆ ಅಲಂಕಾರ ದುಡ್ಡು ಬರುವ ಗುಂಡಿಗೆ ಮಾತ್ರ ಯಾಕೆ? ನಿಮಗೆ ಲಾಭವಿರುವ ಕಡೆ ಬಣ್ಣದ ಶಾಸ್ತ್ರವೆಲ್ಲ ನೆನಪಾಗಿ, ಕಾಕಾ ಬಿಲ್ ಕಟ್ಟುವ ಕಡೆ ಮರೆತುಹೋಗುವುದು ಹೇಗೆ? ಗೂಗಲ್‌ನಲ್ಲಿ 41 ಬಗೆಯ ನೀಲಿಗಳನ್ನು ಒಂದರೆದುರು ಒಂದು ಇಟ್ಟು ಪರೀಕ್ಷಿಸುತ್ತಿದ್ದಾರೆ ಎಂದು ಬೇಸತ್ತು 2009ರಲ್ಲಿ ಅಲ್ಲಿನ ಒಬ್ಬ ಡಿಸೈನರ್ ಕೆಲಸವನ್ನೇ ಬಿಟ್ಟರು. ಅಲಂಕಾರಕ್ಕೆ ಯಾರಾದರೂ ನಲವತ್ತೊಂದು ಸಲ ತಲೆ ಕೆಡಿಸಿಕೊಳ್ಳುತ್ತಾರೆಯೇ?

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ ಹದಿಮೂರು ಬಗೆಯ ಕಪಟಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಒಂದು ಆಯ್ಕೆಯನ್ನು ಎದ್ದುಕಾಣಿಸಿ ಇನ್ನೊಂದನ್ನು ಮಸುಕು ಮಾಡಿ ದಾರಿ ತಪ್ಪಿಸುವುದೂ ಅದರಲ್ಲಿದೆ. ಅಂದರೆ ಗುಂಡಿಯ ಹಿನ್ನೆಲೆಯಲ್ಲಿ ಮೋಸ ಮಾಡಬಹುದೆಂದು ಸರ್ಕಾರವೇ ಒಪ್ಪಿದೆ. ಒಪ್ಪದವರು ಅದನ್ನು ಬಳಿಯುವವರು ಮಾತ್ರ.

ಯುಪಿಐ ಕತೆಯಂತೂ ಪಿ.ಬಿ. ರೋಡಿನ ಅಂಗಡಿಯವರೆಲ್ಲ ಬಲ್ಲರು. "ನಿಮಗೆ ದುಡ್ಡು ಕಳಿಸಿದ್ದೀನಿ, ಬಂದ ರಿಕ್ವೆಸ್ಟ್ ಒತ್ತಿ, ಪಿನ್ ಹಾಕಿ" ಎಂದು ಕಳ್ಳ ಫೋನು ಮಾಡುತ್ತಿದ್ದ. ಪರದೆಯ ಮೇಲೆ ಒತ್ತು ಒತ್ತು ಎನ್ನುವ ದೊಡ್ಡ ಬಣ್ಣದ ಗುಂಡಿ. ಅದು ಕೊಡುವ ಗುಂಡಿ, ಪಡೆಯುವ ಗುಂಡಿಯಲ್ಲ. ದುಡ್ಡು ಹೋಗುವುದಕ್ಕೂ ಬರುವುದಕ್ಕೂ ಒಂದೇ ಮುಖ ಕೊಟ್ಟರೆ ಜನ ಹೇಗೆ ಗುರುತು ಹಿಡಿಯಬೇಕು? 2016ರಲ್ಲಿ ಶುರುವಾದ ವ್ಯವಸ್ಥೆಯಲ್ಲಿ ವ್ಯಕ್ತಿಯಿಂದ ವ್ಯಕ್ತಿಗೆ ಹಣ ಕೇಳುವ ಆ ಸೌಲಭ್ಯವನ್ನೇ ನಿಲ್ಲಿಸಲು 2025ರ ಅಕ್ಟೋಬರ್ ಬರಬೇಕಾಯಿತು. ಅಲ್ಲಿಯವರೆಗೂ ಕಳಕೊಂಡವರಿಗೆ ಸಿಕ್ಕ ಸಮಾಧಾನ: "ನೋಡಿ ಒತ್ತಬಾರದಿತ್ತಾ?" ಇವತ್ತಿಗೂ ಬೆಣ್ಣೆದೋಸೆ ಹೋಟೆಲಿನಲ್ಲಿ ದುಡ್ಡು ಕಳಿಸಿದ ಗಿರಾಕಿ ತನ್ನ ಪರದೆಯನ್ನು ನಂಬುವುದಿಲ್ಲ. ಗಲ್ಲಾದ ಮೇಲಿನ ಡಬ್ಬಿ ಇಷ್ಟು ರೂಪಾಯಿ ಬಂತೆಂದು ಕೂಗುವವರೆಗೆ ಅಲ್ಲೇ ನಿಲ್ಲುತ್ತಾನೆ. ಗುಂಡಿ ಹೇಳಬೇಕಾದ ಮಾತಿಗೆ ಬಾಡಿಗೆಗೆ ಒಂದು ಬಾಯಿ ತಂದಿಟ್ಟಿದ್ದೇವೆ.

ಇದಕ್ಕೆಲ್ಲ ನೆಪ ಒಂದೇ: ಜಗತ್ತೇ ಹೀಗೆ ಮಾಡುತ್ತಿದೆ. ಮಾಡಿದೆ, ಅನುಭವಿಸಿಯೂ ಇದೆ. ಆ್ಯಪಲ್ 2013ರಲ್ಲಿ ಐಓಎಸ್ 7 ತಂದು ಗುಂಡಿಗಳ ಹಿನ್ನೆಲೆಯನ್ನು ಕಿತ್ತು ಬರೀ ಅಕ್ಷರ ಉಳಿಸಿತು. ಒಂದು ವರ್ಷ ತುಂಬುವ ಮೊದಲೇ, 2014ರ ಮಾರ್ಚ್‌ನಲ್ಲಿ, ಗುಂಡಿಗಳ ಆಕಾರ ತೋರಿಸುವ ಸೌಲಭ್ಯವನ್ನು ಸೆಟ್ಟಿಂಗ್ಸ್ ಒಳಗೆ ತಂದಿಟ್ಟಿತು. ಊರಿನ ಬಾಗಿಲುಗಳ ಹಿಡಿಕೆಯನ್ನೆಲ್ಲ ಕಿತ್ತು, ಬೇಕಾದವರು ಅರ್ಜಿ ಹಾಕಿದರೆ ಕೊಡಲಾಗುವುದು ಎಂದ ಹಾಗೆ. 2025ರಲ್ಲಿ ಅದೇ ಕಂಪನಿ ಗುಂಡಿಗಳನ್ನು ಗಾಜಿನದಾಗಿ ಮಾಡಿತು. ಓದಲಾಗುತ್ತಿಲ್ಲ ಎಂಬ ಗಲಾಟೆಯೂ ಜೊತೆಗೇ ಎದ್ದಿತು. ಅಲ್ಲಿಯ ಫ್ಯಾಷನ್ ಇಲ್ಲಿಗೆ ಬರಲು ಒಂದು ವಾರ ಸಾಕು, ಅಲ್ಲಿಯ ತಿದ್ದುಪಡಿ ಮಾತ್ರ ಎಂದೂ ಬರುವುದಿಲ್ಲ.

ಇದರ ಖರ್ಚು ಯಾರ ತಲೆಗೆ? ಯಾವುದೇ ಸರ್ಕಲ್ಲಿನ ಆನ್‌ಲೈನ್ ಸೆಂಟರಿನ ಮುಂದೆ ಹೋಗಿ ನಿಲ್ಲಿ. ಕೈಯಲ್ಲಿ ಸ್ವಂತ ಸ್ಮಾರ್ಟ್‌ಫೋನ್ ಹಿಡಿದುಕೊಂಡೇ ಜನ ಸಾಲು ನಿಂತಿರುತ್ತಾರೆ. ಐವತ್ತು ರೂಪಾಯಿ ಕೊಟ್ಟು ಇನ್ನೊಬ್ಬರ ಬೆರಳಿನಿಂದ ಗುಂಡಿ ಒತ್ತಿಸುತ್ತಾರೆ, ಜೊತೆಗೆ ಓಟಿಪಿಯನ್ನೂ ಗಟ್ಟಿಯಾಗಿ ಓದಿ ಹೇಳುತ್ತಾರೆ. 'ಡಿಜಿಟಲ್' ಎಂದು ನಾವು ಎದೆಯುಬ್ಬಿಸುವುದರ ಅಡಿಯಲ್ಲಿ ಹೀಗೊಂದು ಗುಂಡಿ ಒತ್ತುವ ಕೂಲಿ ಹುಟ್ಟಿಕೊಂಡಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಜೀವಿಸುವ ಹಕ್ಕು ಬಿಸಿಲಿಗೆ ಕಾಣದ ಬೂದಿ ಪಟ್ಟಿಯ ಹಿಂದೆ ಅವಿತು ಕೂತಿದೆ.

ಸಾಕು. "ಕೊನೆಗೆ ನೋಡೋಣ" ಎಂಬ ಮಾತನ್ನು ಈ ಕಸುಬಿನಿಂದ ಓಡಿಸಬೇಕು. ಆ್ಯಪ್ ಮಾಡಿಸುವ ಇಲಾಖೆಗಳು ಟೆಂಡರಿನಲ್ಲೇ ಬರೆಯಲಿ: ಪ್ರತಿ ಗುಂಡಿಗೂ ಒತ್ತಿದ, ಬಿಟ್ಟ, ಸಿಗದ ಸ್ಥಿತಿಗಳು ಬೇರೆ ಬೇರೆಯಾಗಿ ಕಾಣಬೇಕು, ಅಕ್ಷರದ ಅನುಪಾತ 4.5ಕ್ಕಿಂತ ಕೆಳಗಿಳಿದರೆ ಬಿಲ್ ಪಾಸಾಗದು. ಕನ್ನಡದ ಒಂದು ಒತ್ತು ಕತ್ತರಿಸಿದ್ದರೂ ಕೆಲಸ ವಾಪಸ್. ಈ ಊರಿನಲ್ಲಿ 1951ರಿಂದ ಎಂಜಿನಿಯರಿಂಗ್ ಕಲಿಸುತ್ತಿದ್ದೇವೆ. ಪ್ರಾಜೆಕ್ಟ್ ಪರೀಕ್ಷೆಯನ್ನು ಪ್ರೊಜೆಕ್ಟರ್ ಎದುರು ಮಾಡುವುದು ಬಿಟ್ಟು ಮಧ್ಯಾಹ್ನ ಒಂದಕ್ಕೆ ಕಾಲೇಜು ಮೈದಾನದಲ್ಲಿ ಮಾಡಲಿ, ಅಂಕ ಕೊಡಲು ಅರವತ್ತು ದಾಟಿದವರನ್ನು ಕರೆಯಲಿ. ಡೆವಲಪರ್‌ಗಳೇ, ಆ್ಯಪ್ ಅನ್ನು ಸ್ಟೋರಿಗೆ ಬಿಡುವ ಮೊದಲು ಫೋನಿನ ಅಕ್ಷರ ಪೂರ್ತಿ ದೊಡ್ಡದು ಮಾಡಿ, ಭಾಷೆ ಕನ್ನಡಕ್ಕೆ ಹಾಕಿ, ತೆರೆಯ ಬೆಳಕು ಅರ್ಧ ಇಳಿಸಿ, ನಿಮ್ಮ ಅವ್ವನ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ಕೂರಿ. ಅವರು ಒಮ್ಮೆ ತಡವರಿಸಿದರೂ ತಪ್ಪು ನಿಮ್ಮದೆಂದು ಬರೆದುಕೊಳ್ಳಿ. ಓದುಗರೇ, ನಿಮ್ಮಪ್ಪನಿಗೆ "ನಿಮಗೆ ಬರಲ್ಲ" ಎನ್ನುವ ಮೊದಲು ಆ ಆ್ಯಪ್‌ಗೆ ಒಂದೇ ಸ್ಟಾರ್ ಕೊಟ್ಟು, ಯಾವ ಗುಂಡಿ ಕಾಣಲಿಲ್ಲ ಎಂದು ಕನ್ನಡದಲ್ಲೇ ಬರೆಯಿರಿ. ಸಾವಿರ ಜನ ಬರೆದರೆ ಧಣಿಗೆ ಬ್ರ್ಯಾಂಡಿನ ಬಣ್ಣ ತಾನಾಗಿ ಮರೆತುಹೋಗುತ್ತದೆ.

ಎದುರು ಮನೆಯ ಕಾಕಾ ಈಗ ಬಿಲ್ ಕಟ್ಟಲು ನೆರಳಿಗೆ, ನಮ್ಮ ಜಗಲಿಗೆ ಬರುತ್ತಾರೆ. ಮೊನ್ನೆ ಬಂದಾಗ 2016ರ ನನ್ನ ಆ ಹಳೆಯ ಆ್ಯಪ್ ತೆರೆದು ಅವರ ಕೈಗಿಟ್ಟೆ. ಹೆಬ್ಬೆರಳಿನಿಂದ ಒಂದು ಗುಂಡಿ ಒತ್ತಿದರು, ಮತ್ತೆ ಒತ್ತಿದರು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಇದನ್ನ ಮಾಡಿದೋನು ಯಾವನಪ್ಪ?"